ಹನ್ನೊಂದನೇ ಸ್ಲ್ಯಾಬಿನ ತನಕ

ನಿನ್ನೆ ಮಧ್ಯಾಹ್ನದಿಂದ ಮನಸ್ಸು ಸರಿ ಇಲ್ಲ. ಬರೆಯದೆ ಇದ್ದರೆ ಇವತ್ತೂ ನಿದ್ದೆ ಬರಲ್ಲ.

ಸೋದರಮಾವನ ಮಗಳನ್ನು ರೈಲು ಹತ್ತಿಸಲು ವಿಜಯಪುರ ಸ್ಟೇಷನ್ನಿಗೆ ಹೋಗಿದ್ದೆ. ಮಂಗಳೂರು ರೈಲು. ಕಾರಹುಣ್ಣಿಮೆ ಮುಗಿದಿದೆ. ಹಬ್ಬಕ್ಕೆ, ಬಿತ್ತನೆಗೆ ಅಂತ ಊರಿಗೆ ಬಂದವರೆಲ್ಲ ಮತ್ತೆ ಹೊರಟಿದ್ದರು. ಪ್ಲಾಟ್‌ಫಾರ್ಮ್ ತುಂಬ ಚೀಲ, ಬಕೆಟ್ಟು, ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ವಾಸನೆ. ಪಕ್ಕದಲ್ಲಿ ಇಂಡಿ ಕಡೆಯ ಹುಡುಗ ಒಬ್ಬ ಕೂತಿದ್ದ. ಇಪ್ಪತ್ತು ವರ್ಷ ಇರಬಹುದು. ಫೋನಿನಲ್ಲಿ ಮಂಗಳೂರು ಹೇಗೆ ಬೆಳೆದಿದೆ ಅನ್ನೋ ವಿಡಿಯೋ ನೋಡುತ್ತಿದ್ದ. ನಾನೂ ಬಗ್ಗಿ ನೋಡಿದೆ.

ಅದರಲ್ಲಿ ಎಲ್ಲ ಇತ್ತು. ಪಣಂಬೂರಿನ ಬಂದರು, ನೇತ್ರಾವತಿ ಸೇತುವೆ, ಮಾಲ್‌ಗಳು, ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು, ಮೆಡಿಕಲ್ ಕಾಲೇಜುಗಳು. ಕೆನರಾ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಅದೇ ಊರಲ್ಲಿ ಹುಟ್ಟಿದ ಕಥೆ. ಆಮೇಲೆ ಮುಗಿಲು ಮುಟ್ಟುವ ಅಪಾರ್ಟ್‌ಮೆಂಟುಗಳು ಒಂದಾದ ಮೇಲೆ ಒಂದು. ಇದೆಲ್ಲ ಈ ಊರಿನವರ ದುಡಿಮೆ, ಶಿಸ್ತು, ಬುದ್ಧಿವಂತಿಕೆ ಅಂತ ಮಾತು.

ಹುಡುಗ ಒಂದು ಕಟ್ಟಡ ಬಂದಾಗ ವಿಡಿಯೋ ನಿಲ್ಲಿಸಿ ನನಗೆ ತೋರಿಸಿದ. "ಯಕ್ಕಾ, ಇದು ನಾವ ಕಟ್ಟಿದ್ದು. ಹನ್ನೊಂದನೇ ಸ್ಲ್ಯಾಬಿನ ತನಕ ನಾ ಅಲ್ಲೇ ಇದ್ದೆ." ಅವನ ಮುಖದಲ್ಲಿ ಬೇಜಾರು ಇರಲಿಲ್ಲ. ಖುಷಿ ಇತ್ತು. ಸಿಟ್ಟು ಬಂದಿದ್ದು ನನಗೆ.

ಇಡೀ ವಿಡಿಯೋದಲ್ಲಿ ಅವನ ಥರದವರು ಒಬ್ಬರೂ ಇಲ್ಲ. ಒಬ್ಬ ಗಾರೆಯವನಿಲ್ಲ, ಸೆಂಟ್ರಿಂಗಿನವನಿಲ್ಲ, ಬುಟ್ಟಿ ಹೊತ್ತ ಹೆಂಗಸಿಲ್ಲ. ಕಟ್ಟಡಗಳು ತಾವೇ ನೆಲದಿಂದ ಎದ್ದು ಬಂದವಾ?

ನನ್ನನ್ನು ಬಲ್ಲವರಿಗೆ ಗೊತ್ತಿದೆ. ನಮ್ಮಪ್ಪ ಹದಿನಾರು ವರ್ಷ ಮಂಗಳೂರಲ್ಲಿ ಗಾರೆ ಕೆಲಸ ಮಾಡಿದವರು. ಇಲ್ಲಿ ನಮ್ಮದು ಎರಡು ಎಕರೆ ಒಣ ಹೊಲ. ವರ್ಷಕ್ಕೆ 600 ಮಿ.ಮೀ. ಮಳೆ ಬಂದರೆ ಅದೇ ಪುಣ್ಯ, ಅದೂ ಹೊತ್ತಿಗೆ ಬರಬೇಕು. ಅಲ್ಲಿ 3,500 ಮಿ.ಮೀ. ಮೀರಿ ಸುರಿಯುತ್ತದೆ. ಆಗ ನೇರ ರೈಲು ಇರಲಿಲ್ಲ, ರಾತ್ರಿಯಿಡೀ ಬಸ್ಸು. ಕೊಟ್ಟಾರದ ಹತ್ತಿರ ಶೀಟಿನ ಒಂದು ಕೋಣೆ. ಅವ್ವ ಊರಿನಿಂದ ತಂದ ಜೋಳ ಆ ಥಂಡಿಗೆ ಬೂಸ್ಟು ಹಿಡಿಯೋದು. ಅವ್ವ ಜೋಳ ಕೈಯಲ್ಲಿ ಹಿಡಿದು ಸುಮ್ನೆ ಕೂತುಬಿಡುತ್ತಿದ್ದಳು.

ಆ ಊರಿನ ಮೇಲೆ ನನಗೆ ದ್ವೇಷವಿಲ್ಲ. ಹೇಗೆ ಇರುತ್ತೆ? ಪಕ್ಕದ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದ ಅಕ್ಕ ದಿನಾ "ವಣಸ್ ಆಂಡಾ?" ಅಂತ ಕೇಳೋಳು. ಊಟ ಆಯ್ತಾ ಅಂತ. ಆಗಿಲ್ಲ ಅಂದರೆ ಗಂಜಿ, ಉಪ್ಪಿನಕಾಯಿ ಬರುತ್ತಿತ್ತು. ನನಗೆ ತುಳು ಕಲಿಸಿದ್ದು ಅವಳೇ. ಅವ್ವ ರೊಟ್ಟಿ ಬಡಿಯೋ ಸದ್ದಿಗೆ ಓಣಿಯ ಮಕ್ಕಳು ಬಂದು ನಿಲ್ಲುತ್ತಿದ್ದವು. ಒಂದೇ ಓಣಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ನಮ್ಮ ಕನ್ನಡ. ಒಂದೇ ಊರಿಗೆ ಕುಡ್ಲ, ಕೊಡಿಯಾಲ, ಮೈಕಾಲ ಅಂತ ಒಬ್ಬೊಬ್ಬರದು ಒಂದೊಂದು ಹೆಸರು. ಅಂಥ ಊರನ್ನು ನಾನು ಬೇರೆ ಎಲ್ಲೂ ನೋಡಿಲ್ಲ.

ನೋವು ಇರೋದು ಒಂದು ಪದದ ಬಗ್ಗೆ. ಬಿಜಾಪುರದವರು. ಅಲ್ಲಿ ಎಷ್ಟೋ ಜನರ ಬಾಯಲ್ಲಿ ಅದು ಊರಿನ ಹೆಸರಲ್ಲ, ಕೆಲಸದ ಹೆಸರು. ಕೊಪ್ಪಳದವರಿರಲಿ, ಗದಗಿನವರಿರಲಿ, ಬಾದಾಮಿಯವರಿರಲಿ, ತಲೆ ಮೇಲೆ ಬುಟ್ಟಿ ಇದ್ದರೆ ಬಿಜಾಪುರದವರು. "ನಾಳೆ ಅಂಗಳ ಅಗೆಯಬೇಕು, ಇಬ್ಬರು ಬಿಜಾಪುರದವರನ್ನು ಕರೆಸಿ." 2014ರ ನವೆಂಬರ್ 1ಕ್ಕೆ ಎರಡೂ ಊರಿನ ಹೆಸರು ಒಂದೇ ದಿನ ಬದಲಾಯಿತು. ಸರ್ಕಾರಿ ಕಾಗದದಲ್ಲಿ ಮ್ಯಾಂಗಲೋರ್ ಹೋಗಿ ಮಂಗಳೂರಾಯಿತು, ಬಿಜಾಪುರ ಹೋಗಿ ವಿಜಯಪುರವಾಯಿತು. ಆ ಪದ ಮಾತ್ರ ಹಾಗೇ ಉಳಿಯಿತು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಇದುವರೆಗೆ ಯಾರಿಗೂ ಹೇಳಿಲ್ಲ. ಐದನೇ ಕ್ಲಾಸಿನಲ್ಲಿ ಎಲ್ಲರೂ ಊರು ಕೇಳಿದಾಗ ನಾನು ಹುಬ್ಬಳ್ಳಿ ಅಂದಿದ್ದೆ. ಹುಬ್ಬಳ್ಳಿ ಅಂದರೆ ಯಾರೂ ನಗುತ್ತಿರಲಿಲ್ಲ. ಒಂದು ದಿನ ಅಪ್ಪ ಫೀಸು ಕಟ್ಟಲು ಬಂದರು. ಕೈ ತೊಳೆದುಕೊಂಡೇ ಬಂದಿದ್ದರು, ಆದರೂ ಉಗುರಿನ ಸಂದಿಯಲ್ಲಿ ಸಿಮೆಂಟು. ಟೀಚರು "ನೀವು ಹುಬ್ಬಳ್ಳಿಯವರಲ್ವಾ?" ಅಂದರು. ಅಪ್ಪ ಒಂದು ಸಲ ನನ್ನ ಕಡೆ ನೋಡಿದರು. "ಹೌದ್ರೀ" ಅಂದರು. ಮನೆಗೆ ಬಂದ ಮೇಲೂ ಅದರ ಬಗ್ಗೆ ಒಂದು ಮಾತಾಡಲಿಲ್ಲ. ಇವತ್ತಿಗೂ ಆಡಿಲ್ಲ.

ಇದನ್ನು ಓದಿ ಕೆಲವರು ಹೇಳುತ್ತೀರಿ, ಗೊತ್ತು. ಮಂಗಳೂರು ನಿಮಗೆ ಕೂಲಿ ಕೊಟ್ಟಿದೆ, ಇಲ್ಲಿಗಿಂತ ಜಾಸ್ತಿಯೇ ಕೊಟ್ಟಿದೆ, ಬನ್ನಿ ಅಂತ ಯಾರೂ ಬಲವಂತ ಮಾಡಿಲ್ಲ ಅಂತ. ನಿಜ. ಆ ಕೂಲಿಯಿಂದಲೇ ನಾನು ಓದಿದೆ, ಟೀಚರ್ ಆದೆ. ಕೂಲಿ ಕೊಟ್ಟ ಮೇಲೆ ಮನುಷ್ಯನ ಲೆಕ್ಕ ಮುಗೀತಾ? ಕರಾವಳಿಯವರೂ ಮುಂಬೈಗೆ ಹೋದರು, ಹೋಟೆಲಿನಲ್ಲಿ ಲೋಟ ತೊಳೆದರು, ಗಲ್ಫಿನ ಬಿಸಿಲಲ್ಲಿ ದುಡಿದರು. ಆ ಕಥೆಗಳನ್ನು ಅವರು ಎದೆ ಉಬ್ಬಿಸಿ ಹೇಳುತ್ತಾರೆ. ಹೇಳಬೇಕು ಕೂಡ. ಪರಊರಲ್ಲಿ ದುಡಿಯೋದು ಅಂದರೆ ಏನು ಅಂತ ಅವರಷ್ಟು ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ?

ಆ ಊರು ಬೆಳೆದಿದ್ದೇ ಬಂದವರಿಂದ, ಅಲ್ವಾ? 1834ರಲ್ಲಿ ಬಾಸೆಲ್ ಮಿಷನ್ನಿನ ಕ್ರೈಸ್ತ ಪಾದ್ರಿಗಳು ಬಂದರು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ಅಲ್ಲೇ ಹೊರಟಿತು, ಹೊರಡಿಸಿದ್ದು ಜರ್ಮನಿಯಿಂದ ಬಂದ ಮೊಗ್ಲಿಂಗ್. ಅದೇ ಮಿಷನ್ನಿನ ಹೆಂಚಿನ ಕಾರ್ಖಾನೆ 1865ರಲ್ಲಿ. ಅವರ ಹೆಸರೆಲ್ಲ ಶಾಲೆಯ ಪುಸ್ತಕದಲ್ಲಿ ನಾನೇ ಓದಿದ್ದೇನೆ. ಮೊಗ್ಲಿಂಗ್ ಹೊರಗಿನವರು ಅಂತ ಯಾರೂ ಬಿಟ್ಟಿಲ್ಲ. ಇಂಡಿ, ಸಿಂದಗಿ, ಹುನಗುಂದದಿಂದ ಹೋದವರನ್ನು ಬಿಟ್ಟಿದ್ದಾರೆ.

ಗೋಳಗುಮ್ಮಟ ಕಟ್ಟಿದ ಕೂಲಿಯವರ ಹೆಸರು ನಿಮಗೆ ಗೊತ್ತಾ ಅಂತ ಗೆಳತಿ ಫೋನಲ್ಲಿ ಕೇಳಿದಳು. ಗೊತ್ತಿಲ್ಲ. ಇಲ್ಲೂ ಮಹಮ್ಮದ್ ಆದಿಲ್‌ಶಾಹನ ಹೆಸರೊಂದೇ. ಆ ಕೂಲಿಯವರನ್ನು ಕೇಳೋಣ ಅಂದರೆ ಮುನ್ನೂರೈವತ್ತು ವರ್ಷದ ಮೇಲಾಯಿತು. ಈ ಹುಡುಗ ದಿನಾ ಬೆಳಗ್ಗೆ ಆರೂವರೆಗೆ ಸರ್ಕಲ್ಲಿನಲ್ಲಿ ಡಬ್ಬಿ ಹಿಡಿದು ನಿಂತಿರುತ್ತಾನೆ. ವಿಡಿಯೋ ಮಾಡುವವರು ಗಾಡಿ ನಿಲ್ಲಿಸಿ ಎರಡು ನಿಮಿಷ ಮಾತಾಡಿಸಿದ್ದರೆ ಆಗುತ್ತಿತ್ತು.

ರಾತ್ರಿ ಆ ವಿಡಿಯೋ ಹುಡುಕಿ ಅಪ್ಪನಿಗೆ ತೋರಿಸಿದೆ. ಮೂರು ಸಲ ನೋಡಿದರು. ಆಕಾಶದಿಂದ ತೆಗೆದ ಚಿತ್ರದಲ್ಲಿ ಅವರಿಗೆ ದಾರಿಯೆಲ್ಲ ಗುರುತು ಸಿಗುತ್ತಿತ್ತು. "ಇದು ಬಿಜೈ. ಇದು ಕದ್ರಿ ಗುಡ್ಡ. ಇಲ್ಲಿ ಮುರಕಲ್ಲು, ಪಾಯಾ ತಗಿಯೂದು ಭಾಳ ಕಷ್ಟ." ಒಂದು ಕಡೆ ನಿಲ್ಲಿಸು ಅಂದರು. ಎತ್ತರದ ಟವರಿನ ಹಿಂದೆ ಮೂರು ಮಹಡಿಯ ಹಳೇ ಹಳದಿ ಕಟ್ಟಡ, ಅರ್ಧ ಮಾತ್ರ ಕಾಣುತ್ತಿತ್ತು. "ಇದರ ಮೆಟ್ಟಲಾ ನಾ ಕಟ್ಟಿದ್ದು. ಇನ್ನೂ ಅದ ನೋಡು."

ಫೋನು ವಾಪಸ್ ಕೊಡುವಾಗ ಕೇಳಿದರು, "ಆ ಹುಡುಗನ ಹತ್ರ ರೇನ್‌ಕೋಟ್ ಇತ್ತೇನು? ಅಲ್ಲಿ ಮಳಿ ಶುರು ಆಗಿರತದ."

ನಾನು ನೋಡಿರಲಿಲ್ಲ.