ದೊಡ್ಡ ಬ್ಯಾಂಕು ಮುಳುಗಿದರೆ ಸರ್ಕಾರ ಕೈ ಹಿಡಿಯಬೇಕಾ?

ಪರ: ಬ್ಯಾಂಕು ನಿಂತರೆ ಗಂಜ್ ನಿಲ್ಲುತ್ತದೆ

ಕಲಬುರಗಿ ಗಂಜಿನ, ಅಂದರೆ ಧಾನ್ಯ ಮಾರುಕಟ್ಟೆಯ, ಒಂದು ಅಡತಿ (ದಲ್ಲಾಳಿ) ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಜನವರಿ ಬಂತೆಂದರೆ ಇಲ್ಲಿ ತೊಗರಿಯದೇ ಮಾತು. ಚೀಲ ಇಳಿಯುತ್ತದೆ, ದರ ಕೂಗುತ್ತಾರೆ, ತೂಕ ಆಗುತ್ತದೆ, ರೈತನ ಕೈಗೆ ಪಟ್ಟಿ ಬರುತ್ತದೆ. ಆದರೆ ಇಷ್ಟೆಲ್ಲ ನಡೆಯುವಾಗ ಯಾರ ಗಲ್ಲಾದಲ್ಲೂ ಪೂರ್ತಿ ದುಡ್ಡು ಇರುವುದಿಲ್ಲ. ದಾಲ್ ಮಿಲ್ಲಿನವರು ಬ್ಯಾಂಕಿನ ಸಿ.ಸಿ. ಖಾತೆಯಿಂದ, ಅಂದರೆ ಮಿತಿಯೊಳಗೆ ಬೇಕಾದಾಗ ಸಾಲ ಕೊಡುವ ಖಾತೆಯಿಂದ, ದುಡ್ಡು ಎತ್ತಿ ನಮಗೆ ಕೊಡುತ್ತಾರೆ. ನಾವು ರೈತರಿಗೆ, ಹಮಾಲರಿಗೆ ಕೊಡುತ್ತೇವೆ. ಆ ಖಾತೆ ಒಂದು ವಾರ ನಿಂತರೆ ಮಿಲ್ಲಿನ ಖರೀದಿ ನಿಲ್ಲುತ್ತದೆ, ದರ ಬೀಳುತ್ತದೆ. ಪೆಟ್ಟು ಬೀಳುವುದು ಬ್ಯಾಂಕಿನ ಮಾಲೀಕನಿಗಲ್ಲ, ಚೀಲ ತಂದವನಿಗೆ.

2020ರ ಮಾರ್ಚ್ 5 ನೆನಪಿದೆ ಅಲ್ವಾ? ಯೆಸ್ ಬ್ಯಾಂಕಿನಿಂದ 50,000 ರೂಪಾಯಿಗಿಂತ ಜಾಸ್ತಿ ತೆಗೆಯುವಂತಿಲ್ಲ ಎಂದು ಆದೇಶ ಬಂತು. ಅದೇ ರಾತ್ರಿ ಫೋನ್‌ಪೇ ಕೂಡ ಕೈಕೊಟ್ಟಿತು. ಆ ಬ್ಯಾಂಕಿನಲ್ಲಿ ಖಾತೆಯೇ ಇಲ್ಲದವರ ಫೋನಿನಲ್ಲೂ ದುಡ್ಡು ಓಡಲಿಲ್ಲ, ಯಾಕೆಂದರೆ ಫೋನ್‌ಪೇಯ ಹಿಂದೆ ಇದ್ದದ್ದು ಅದೇ ಬ್ಯಾಂಕು. ಒಂದು ಬ್ಯಾಂಕಿನ ಬೇರು ಎಲ್ಲೆಲ್ಲಿ ಹರಡಿರುತ್ತದೆ ಎನ್ನುವುದು ಅದು ಅಲುಗಾಡಿದಾಗಲೇ ಕಾಣುವುದು. ಸರ್ಕಾರ ಯೋಜನೆ ಹೊರಡಿಸಿತು. ಸ್ಟೇಟ್ ಬ್ಯಾಂಕ್ ಮುಂದೆ ನಿಂತು ಬಂಡವಾಳ ಹಾಕಿತು. ಮಾರ್ಚ್ 18ಕ್ಕೆ ನಿರ್ಬಂಧ ಹೋಯಿತು. ಠೇವಣಿ ಇಟ್ಟವರ ಒಂದು ರೂಪಾಯಿಯೂ ಹೋಗಲಿಲ್ಲ.

ಸ್ಟೇಟ್ ಬ್ಯಾಂಕಿಗೇನು ನಷ್ಟ ಆಗಲಿಲ್ಲ. 10 ರೂಪಾಯಿಗೆ ಕೊಂಡ ಷೇರುಗಳಲ್ಲಿ ಒಂದು ಭಾಗವನ್ನು 2025ರಲ್ಲಿ ಜಪಾನಿನ ಬ್ಯಾಂಕಿಗೆ 21.50ಕ್ಕೆ ಮಾರಿತು. ಅಮೆರಿಕದಲ್ಲೂ ಹೀಗೇ. 2008ರ ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ಎಂಬ ದೊಡ್ಡ ಹೂಡಿಕೆ ಬ್ಯಾಂಕು ದಿವಾಳಿಯಾಯಿತು. ಅದನ್ನು ಯಾರೂ ಎತ್ತಲಿಲ್ಲ. ಬ್ಯಾಂಕುಗಳು ಒಂದನ್ನೊಂದು ನಂಬದೆ ಸಾಲ ಕೊಡುವುದನ್ನೇ ನಿಲ್ಲಿಸಿದವು. ಆಮೇಲೆ ಅಲ್ಲಿನ ಸರ್ಕಾರ ಬ್ಯಾಂಕುಗಳಿಗೆ ಸುಮಾರು 245 ಬಿಲಿಯನ್ ಡಾಲರ್ ಹಾಕಿತು, ಹಾಕಿದ್ದಕ್ಕಿಂತ ಜಾಸ್ತಿಯೇ ವಾಪಸ್ ಪಡೆಯಿತು. ಕಣಕ್ಕೆ ಬೆಂಕಿ ಬಿದ್ದಾಗ ಮೊದಲು ನೀರು ಹಾಕಬೇಕು. ಬೀಡಿ ಸೇದಿದವರು ಯಾರು ಎಂದು ಆಮೇಲೆ ಕೇಳೋಣ.

ವಿರೋಧ: ಆಮೇಲೆ ಯಾರೂ ಕೇಳುವುದಿಲ್ಲ

ಗಂಜಿನ ಅಣ್ಣನವರು ಹೇಳಿದ್ದರಲ್ಲಿ ಸುಳ್ಳಿಲ್ಲ. ನಾನು ಆಳಂದ ಕಡೆಯ ತೊಗರಿ ರೈತ. ದರ ಬಿದ್ದರೆ ಅದು ಬೀಳುವುದು ನನ್ನ ಮೇಲೇ. ಆದರೂ ನನ್ನ ಮಾತು ಬೇರೆ.

ನಮ್ಮ ಸೋದರತ್ತೆ ಒಂದು ಸಣ್ಣ ಸಹಕಾರಿ ಬ್ಯಾಂಕಿನಲ್ಲಿ ದುಡ್ಡು ಇಟ್ಟಿದ್ದರು. ಮಗಳ ಮದುವೆಗೆಂದು ಕೂಡಿಸಿದ್ದು. ಬ್ಯಾಂಕು ಕುಸಿಯಿತು. ಯಾವ ಸರ್ಕಾರವೂ ಓಡಿ ಬರಲಿಲ್ಲ, ಯಾವ ದೊಡ್ಡ ಬ್ಯಾಂಕೂ ಮುಂದೆ ನಿಲ್ಲಲಿಲ್ಲ. ಆಗ ಠೇವಣಿ ವಿಮೆ ಇದ್ದದ್ದು 1 ಲಕ್ಷಕ್ಕೆ ಮಾತ್ರ. ಅದು 5 ಲಕ್ಷ ಆದದ್ದು 2020ರ ಫೆಬ್ರುವರಿಯಲ್ಲಿ. ಅತ್ತೆ ಪಾಸ್‌ಬುಕ್ ಹಿಡಿದು ಎಷ್ಟು ಸಲ ಬಸ್ ಹತ್ತಿದರೋ ಲೆಕ್ಕವಿಲ್ಲ. ಅವರ ದುಡ್ಡೂ ದುಡ್ಡೇ ಅಲ್ವಾ? ಬ್ಯಾಂಕು ಸಣ್ಣದಿತ್ತು, ಅಷ್ಟೇ ತಪ್ಪು. ಅಂದರೆ ತಪ್ಪು ಮಾಡುವುದಿದ್ದರೆ ದೊಡ್ಡವರಾಗಿ ಮಾಡಿ ಎಂದು ನಾವೇ ಕಲಿಸಿದಂತಾಯಿತು. ಗೆದ್ದರೆ ಲಾಭ ನಿಮ್ಮದು, ಸೋತರೆ ಖಜಾನೆ ಇದೆ.

ಅಮೆರಿಕಕ್ಕೆ ದುಡ್ಡು ವಾಪಸ್ ಬಂತು, ನಿಜ. ಆದರೆ ಸರ್ಕಾರ ಎತ್ತಿ ನಿಲ್ಲಿಸಿದ ಎಐಜಿ ವಿಮಾ ಕಂಪನಿ ಮರುವರ್ಷವೇ, 2009ರಲ್ಲಿ, ಕಂಪನಿ ಮುಳುಗಿಸಿದ ವಿಭಾಗದವರಿಗೇ ಸುಮಾರು 165 ಮಿಲಿಯನ್ ಡಾಲರ್ ಬೋನಸ್ ಹಂಚಿತು. ಐರ್ಲೆಂಡಿನ ಕಥೆ ಇನ್ನೂ ಕೆಟ್ಟದ್ದು. 2008ರಲ್ಲಿ ಅಲ್ಲಿನ ಸರ್ಕಾರ ತನ್ನ ಬ್ಯಾಂಕುಗಳ ಸಾಲಕ್ಕೆಲ್ಲ ತಾನೇ ಜಾಮೀನು ನಿಂತಿತು. ಎರಡೇ ವರ್ಷಕ್ಕೆ ಆ ಸರ್ಕಾರವೇ ಕೈಚಾಚಬೇಕಾಯಿತು. 85 ಬಿಲಿಯನ್ ಯೂರೋದ ನೆರವು ಹೊಂದಿಸಬೇಕಾಯಿತು, ಜನರ ಸಂಬಳ, ಸವಲತ್ತು ಕಡಿಯಬೇಕಾಯಿತು. ಜಾಮೀನು ಹಾಕಿ ಮನೆ ಕಳೆದುಕೊಂಡವರನ್ನು ನಮ್ಮ ಊರುಗಳಲ್ಲೂ ನೋಡಿದ್ದೇವೆ.

ಯೆಸ್ ಬ್ಯಾಂಕಿನ ವಿಷಯಕ್ಕೇ ಬರೋಣ. ಠೇವಣಿ ಉಳಿಯಿತು. ಆದರೆ ಸುಮಾರು 8,400 ಕೋಟಿ ರೂಪಾಯಿಯ ಎಟಿ-1 ಬಾಂಡುಗಳನ್ನು (ಬ್ಯಾಂಕು ಕುಸಿದರೆ ಅಳಿಸಿಹಾಕಬಹುದಾದ ಸಾಲಪತ್ರ) ಸೊನ್ನೆ ಮಾಡಿದರು. ಎಫ್‌ಡಿ ಇದ್ದಂತೆಯೇ ಎಂದು ನಂಬಿ ಅದನ್ನು ಕೊಂಡ ವಯಸ್ಸಾದವರೂ ಇದ್ದರು. ಷೇರುದಾರರ ಷೇರು ಮಾತ್ರ ಸೊನ್ನೆ ಆಗಲಿಲ್ಲ, ಹೆಚ್ಚಿನದನ್ನು ಮೂರು ವರ್ಷ ಮಾರಬೇಡಿ ಎಂದರು, ಅಷ್ಟೇ. ವ್ಯಾಪಾರದಲ್ಲಿ ಮೊದಲು ಮುಳುಗಬೇಕಾದವನು ಮಾಲೀಕ. ಸಾಲ ಕೊಟ್ಟವನದು ಆಮೇಲೆ. ಇಲ್ಲಿ ಸಾಲು ತಿರುಗಿತು. ವಿಷಯ ಕೋರ್ಟಿಗೂ ಹೋಯಿತು. ಅವಸರದಲ್ಲಿ ಎತ್ತಿದಾಗ ಹೀಗೇ ಆಗುವುದು. ಯಾರ ತಲೆಗೆ ಎಷ್ಟು ಎಂದು ಕೂತು ನೋಡುವ ಪುರುಸೊತ್ತು ಇರುವುದಿಲ್ಲ.

ಸರ್ಕಾರಿ ಬ್ಯಾಂಕುಗಳಿಗೆ 2017ರ ಅಕ್ಟೋಬರ್‌ನಲ್ಲಿ ಬಂಡವಾಳ ತುಂಬುವ 2.11 ಲಕ್ಷ ಕೋಟಿಯ ಯೋಜನೆ ಬಂತು. ಅದರಲ್ಲಿ 1.35 ಲಕ್ಷ ಕೋಟಿ ಬಾಂಡಿನ ರೂಪದಲ್ಲಿ. ಆ ಬಾಂಡಿಗೆ ಬಡ್ಡಿ ಕಟ್ಟುವುದು ಖಜಾನೆ. ನಾನು ಟ್ರ್ಯಾಕ್ಟರ್ ಬಿಡಿಭಾಗಕ್ಕೆ ಕಟ್ಟುವ ಜಿಎಸ್‌ಟಿಯೂ ಅದಕ್ಕೇ ಹೋಗುತ್ತದೆ. ದೊಡ್ಡ ಕಂಪನಿಗಳು ಕಟ್ಟದೆ ಬಿಟ್ಟ ಸಾಲದ ಗುಂಡಿ ಅದು. ನೆಟೆ ರೋಗ ಬಂದು ತೊಗರಿ ಒಣಗಿದ ವರ್ಷ ನನ್ನ ಬೆಳೆಸಾಲ ಒಂದು ಕಂತು ತಪ್ಪಿತು. ಮನೆಗೆ ನೋಟಿಸ್ ಬಂತು. ಬಡ್ಡಿ ಸಮೇತ ಕಟ್ಟಿದೆ.

ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಬ್ಯಾಂಕುಗಳ ಗಾತ್ರ. ನಮ್ಮ ಭಾಗದಲ್ಲಿ ಎಸ್‌ಬಿಎಚ್ (ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್) ಅಂದರೆ ಮನೆ ಬ್ಯಾಂಕು. ನಿಜಾಮರ ಕಾಲದಲ್ಲಿ, 1941ರಲ್ಲಿ, ಹುಟ್ಟಿದ್ದು. 2017ರ ಏಪ್ರಿಲ್ 1ಕ್ಕೆ ಅದರ ಬೋರ್ಡು ಇಳಿಯಿತು, ಎಸ್‌ಬಿಐ ಬೋರ್ಡು ಏರಿತು. ಮೈಸೂರು ಬ್ಯಾಂಕೂ ಅವತ್ತೇ ಹೋಯಿತು. ಆಮೇಲೆ ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಒಂದೊಂದಾಗಿ ಬೇರೆ ಬ್ಯಾಂಕುಗಳಲ್ಲಿ ಸೇರಿದವು. ಮುಳುಗಲು ಬಿಡಲಾಗದಷ್ಟು ದೊಡ್ಡ ಬ್ಯಾಂಕುಗಳೆಂದು ರಿಸರ್ವ್ ಬ್ಯಾಂಕ್ ಎಸ್‌ಬಿಐ, ಎಚ್‌ಡಿಎಫ್‌ಸಿ, ಐಸಿಐಸಿಐ ಮೂರನ್ನು ಗುರುತಿಸಿದೆ. ಇವು ಉಳಿದವರಿಗಿಂತ ಜಾಸ್ತಿ ಬಂಡವಾಳ ಇಟ್ಟುಕೊಳ್ಳಬೇಕು. ಎಷ್ಟು ಜಾಸ್ತಿ? ಯಾವುದರಲ್ಲಿ ಎಷ್ಟು ಅಪಾಯ ಎಂದು ತೂಗಿ ಲೆಕ್ಕ ಹಾಕಿದ 100 ರೂಪಾಯಿ ಆಸ್ತಿಗೆ (ಬ್ಯಾಂಕು ಕೊಟ್ಟ ಸಾಲವೂ ಅದರ ಆಸ್ತಿಯೇ) ಎಸ್‌ಬಿಐ 80 ಪೈಸೆ, ಐಸಿಐಸಿಐ 20 ಪೈಸೆ. ಇದು ಸಾಕಾ?

ಠೇವಣಿದಾರರನ್ನು ಉಳಿಸಿ, ಬೇಡ ಎಂದವರು ಯಾರು? ಐದು ಲಕ್ಷದ ವಿಮೆ ಏರಿಸಿ, ಸಣ್ಣ ಬ್ಯಾಂಕಿನವರಿಗೂ ಬೇಗ ಸಿಗಲಿ. ಆದರೆ ಖಜಾನೆಯ ಬಾಗಿಲು ತೆಗೆಯುವ ಮೊದಲು ಮಾಲೀಕರ ಷೇರು ಸೊನ್ನೆ ಆಗಬೇಕು, ಸಾಲ ಮಂಜೂರು ಮಾಡಿದವರು ಕುರ್ಚಿ ಬಿಡಬೇಕು, ತೆಗೆದುಕೊಂಡ ಬೋನಸ್ ವಾಪಸ್ ಕೊಡಬೇಕು. ಇದನ್ನು ಈಗಲೇ, ಬ್ಯಾಂಕು ಗಟ್ಟಿಯಾಗಿರುವಾಗಲೇ, ಕಾನೂನಿನಲ್ಲಿ ಬರೆದಿಡಿ.