ಕಾಗೆ ಬಂತಾ?

ನಿನ್ನೆ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರೂ ಅದನ್ನೇ ಕೇಳಿದರು. "ಬಿಜಾಪುರಕ್ಕೆ ಹೋಗಿದ್ರಂತೆ! ಗೋಲಗುಮ್ಮಟದಲ್ಲಿ ಕೂಗಿದ್ರಾ? ಏಳು ಸಲ ಕೇಳಿಸ್ತಾ?"

ಕೇಳಿಸ್ತು ಅಂದೆ. ಸುಳ್ಳಲ್ಲ, ಕೇಳಿಸಿದ್ದು ನಿಜ. ಆದರೆ ಆ ಹೊತ್ತಿಗೆ ನಾನು ಗುಮ್ಮಟದ ಒಳಗಿರಲಿಲ್ಲ. ಲಾಡ್ಜಿನ ಟೆರೇಸಿನ ಮೇಲೆ, ಕೈಯಲ್ಲಿ ಕೊಡೆ ಹಿಡಿದು, ಹಪ್ಪಳ ಕಾಯುತ್ತಿದ್ದೆ.

ಇದು ಶುರುವಾಗಿದ್ದು ಮೇ ತಿಂಗಳಲ್ಲಿ. ದೊಡ್ಡಮ್ಮ ಹಲಸಿನ ಹಪ್ಪಳ ಒತ್ತಿ ಅಂಗಳದಲ್ಲಿ ಹರಡಿದ್ದೇ ತಡ, ಮಳೆ ಹಿಡಿಯಿತು. ಒಂದು ಬಿಸಿಲು ಕಂಡ ಹಪ್ಪಳ ಎರಡನೇ ಬಿಸಿಲು ಕಾಣಲೇ ಇಲ್ಲ. ಒಲೆ ಮೇಲಿನ ಅಟ್ಟಕ್ಕೆ ಏರಿಸಿದರು, ಹೊಗೆ ಹಿಡಿಯಿತು. ಫ್ಯಾನಿನ ಕೆಳಗೆ ಹರಡಿದರು, ಕರೆಂಟ್ ಹೋಯಿತು. ಮಳೆಗಾಲದಲ್ಲಿ ನಮ್ಮ ಮನೆಗಳ ಕಥೆ ಗೊತ್ತಲ್ಲ, ಬೆಲ್ಟಿಗೂ ಬೂಷ್ಟು, ಬ್ಯಾಗಿಗೂ ಬೂಷ್ಟು, ಮದುವೆ ಆಲ್ಬಮ್ಮಿನಲ್ಲಿ ನನ್ನ ಮುಖಕ್ಕೂ ಬೂಷ್ಟು. ಹೇಗೋ ಉಳಿದ ಹಪ್ಪಳ ಅಕ್ಟೋಬರ್ ಹೊತ್ತಿಗೆ ಹಳೇ ಚಪ್ಪಲಿಯಷ್ಟು ಮೆತ್ತಗಾಗಿತ್ತು. ಬಗ್ಗುತ್ತಿತ್ತು, ಮುರಿಯುತ್ತಿರಲಿಲ್ಲ.

ದಸರಾ ರಜೆಗೆ ಮನೆಮಂದಿಯೆಲ್ಲ ಸೇರಿ ಒಂದು ಟಿಟಿ ಮಾಡಿಕೊಂಡೆವು. ಹದಿನಾಲ್ಕು ಜನ, ಮೂರು ದಿನ. ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೊನೆಗೆ ಬಿಜಾಪುರ. (2014ರ ನವೆಂಬರ್ 1ರಂದೇ ಅದು ವಿಜಯಪುರ ಆಗಿದೆ. ನಮ್ಮ ಬಾಯಿ ಇನ್ನೂ ಒಪ್ಪಿಲ್ಲ.) ಸೀಟಿನ ಕೆಳಗೆ ದೊಡ್ಡಮ್ಮನ ದೊಡ್ಡ ಬಿಸ್ಕೆಟ್ ಡಬ್ಬವೊಂದಿತ್ತು. ಕೋಡುಬಳೆ ಇರಬೇಕು ಅಂತ ನಾವೆಲ್ಲ ಹಾವೇರಿವರೆಗೂ ಆಸೆಯಿಂದ ಅದನ್ನೇ ನೋಡುತ್ತಿದ್ದೆವು.

ಆಮೇಲೆ ಗೊತ್ತಾಯಿತು, ದೊಡ್ಡಮ್ಮ ಪ್ರವಾಸಕ್ಕೆ ಬಂದಿದ್ದಲ್ಲ, ಬಿಸಿಲಿಗೆ ಬಂದಿದ್ದು. ಪಟ್ಟದಕಲ್ಲಿನಲ್ಲಿ ನಾವು ವಿರೂಪಾಕ್ಷ ದೇವಸ್ಥಾನದ ಕೆತ್ತನೆ ನೋಡುತ್ತಿದ್ದರೆ ಅವರು ಹೊರಗಿನ ಚಪ್ಪಡಿ ಮೇಲೆ ಅಂಗೈ ಇಟ್ಟು ನಿಂತಿದ್ದರು. "ಎಂಥಾ ಕಾವು ಮಾರಾಯ! ಒಂದು ಚಾಪೆ ಹಾಸಿದ್ರೆ ಮಧ್ಯಾಹ್ನಕ್ಕೆ ಗರಿಗರಿ." ಬಿಜಾಪುರದ ಬಾರಾ ಕಮಾನ್ ನೋಡಿ ಅವರಿಗೆ ತುಂಬಾ ಖುಷಿಯಾಯಿತು. ಎರಡನೇ ಅಲಿ ಆದಿಲ್‌ಷಾನ ಗೋರಿ ಅರ್ಧಕ್ಕೇ ನಿಂತುಹೋಗಿ, ಮೇಲೆ ಚಾವಣಿಯೇ ಇಲ್ಲವಲ್ಲ! ಮಲಿಕ್-ಎ-ಮೈದಾನ್ ಫಿರಂಗಿ ಮಾತ್ರ ಹಿಡಿಸಲಿಲ್ಲ. 55 ಟನ್ ತೂಕ, ಎಂಥ ಬಿಸಿಲಲ್ಲೂ ತಣ್ಣಗೇ ಇರುತ್ತೆ ಅಂತ ಗೈಡ್ ಹೆಮ್ಮೆಯಿಂದ ಹೇಳಿದ. "ಹಾಗಾದ್ರೆ ಏನು ಪ್ರಯೋಜನ?" ಅಂದರು ದೊಡ್ಡಮ್ಮ.

ಕೊನೇ ದಿನಕ್ಕೆ ಗೋಲಗುಮ್ಮಟ ಉಳಿಸಿಕೊಂಡಿದ್ದೆವು. ಗಲಾಟೆ ಶುರುವಾಗುವ ಮೊದಲೇ ಹೋದರೆ ಪ್ರತಿಧ್ವನಿ ಚೆನ್ನಾಗಿ ಕೇಳುತ್ತೆ ಅಂತ ಬೆಳಗ್ಗೆಯೇ ಎದ್ದೆವು. ಹನ್ನೆರಡಕ್ಕೆ ರೂಮ್ ಖಾಲಿ ಮಾಡಬೇಕು. ನಾನು ಚಹಾ ಕುಡಿಯುತ್ತಿದ್ದಾಗ ದೊಡ್ಡಮ್ಮ ಏನೋ ಕೇಳಿದರು, ನಾನು ಹೂಂ ಅಂದೆ. ಪೇಪರ್ ನೋಡುತ್ತಾ ಹೂಂ ಅನ್ನಬಾರದು ಅಂತ ಹೆಂಡತಿ ಇಪ್ಪತ್ತು ವರ್ಷದಿಂದ ಹೇಳುತ್ತಲೇ ಇದ್ದಾಳೆ.

ಹತ್ತು ನಿಮಿಷದಲ್ಲಿ ಟೆರೇಸಿನ ತುಂಬಾ ಬಿಳಿ ಪಂಚೆ, ಪಂಚೆ ತುಂಬಾ ಹಪ್ಪಳ. ಕೈಗೊಂದು ಕರಿ ಕೊಡೆ ಬಂತು. ಕರಿದು ಕಂಡರೆ ಕಾಗೆ ಹತ್ತಿರ ಬರಲ್ಲವಂತೆ. "ಒಂದೇ ಗಂಟೆ ನೋಡ್ಕೊ ಮಾರಾಯ" ಅಂದವರೇ ಟಿಟಿ ಹತ್ತಿಬಿಟ್ಟರು. ಮೊಣಕಾಲು ನೋವು ಅಂತ ಮನೆ ಅಟ್ಟ ಹತ್ತದವರು ಗೋಲಗುಮ್ಮಟದ ಏಳು ಅಂತಸ್ತು ಹತ್ತಲು ಹೊರಟರು.

ದೂರದಲ್ಲಿ ಗುಮ್ಮಟ ಕವುಚಿಟ್ಟ ಹಂಡೆ ಹಾಗೆ ಕಾಣುತ್ತಿತ್ತು. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಷಾ ಅದರ ಕೆಳಗೆ ತಣ್ಣಗೆ ಮಲಗಿದ್ದಾನೆ. ಇಲ್ಲಿ ನನ್ನ ನೆತ್ತಿ ಕಾಯುತ್ತಿದೆ. ಕೊಡೆ ಬಿಚ್ಚೋಣ ಅಂದರೆ ನೆರಳು ಹಪ್ಪಳದ ಮೇಲೆ ಬೀಳುತ್ತೆ. ಅದಕ್ಕೂ ಅಪ್ಪಣೆ ಇರಲಿಲ್ಲ.

ಪಕ್ಕದ ಮನೆ ಮಾಳಿಗೆಯಲ್ಲಿ ಒಬ್ಬ ಅಜ್ಜಿ ಮೆಣಸಿನಕಾಯಿ ಹರಡುತ್ತಿದ್ದರು. ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಕೇಳಿದರು.

"ಯಾವೂರ್ರಿ?"

"ತೀರ್ಥಹಳ್ಳಿ ಕಡೆ."

"ಅಯ್ಯ, ಅಷ್ಟ ದೂರಿಂದ ಹಪ್ಪಳ ಒಣಗಸಾಕ ಬಂದೀರೇನ್ರಿ?"

"ಇಲ್ಲ ಇಲ್ಲ, ಗೋಲಗುಮ್ಮಟ ನೋಡೋಕೆ."

ಅಜ್ಜಿ ನನ್ನನ್ನು ನೋಡಿದರು, ಕೊಡೆ ನೋಡಿದರು, ಹಪ್ಪಳ ನೋಡಿದರು. "ಅದು ಆ ಕಡೆ ಐತ್ರಿ" ಅಂತ ಕೈ ತೋರಿಸಿದರು.

ಅಷ್ಟರಲ್ಲಿ ಫೋನ್ ಬಂತು. ದೊಡ್ಡಮ್ಮ. ಗುಮ್ಮಟದ ಒಳಗಿನ ಗ್ಯಾಲರಿ ತಲುಪಿದ್ದರು. ಅಲ್ಲಿ ಪಿಸುಗುಟ್ಟಿದರೂ ಎದುರು ಗೋಡೆಯವರಿಗೆ ಕೇಳುತ್ತೆ. ದೊಡ್ಡಮ್ಮನಿಗೆ ಪಿಸುಗುಟ್ಟಲು ಬರುವುದಿಲ್ಲ. ಫೋನಿನಲ್ಲಂತೂ ಆ ಕಡೆಯವರ ಊರು ಎಷ್ಟು ದೂರವೋ ಅಷ್ಟು ಜೋರು.

"ಕಾಗೆ ಬಂತಾ?"

ಬಂತಾ... ಬಂತಾ... ಬಂತಾ... ನಾನು ಎಣಿಸಿದೆ, ಸರಿಯಾಗಿ ಏಳು. "ಇಲ್ಲ" ಅಂದೆ. ಅವರಿಗೆ ಅವರ ಬಂತಾದಲ್ಲಿ ನನ್ನ ಇಲ್ಲ ಕೇಳಲಿಲ್ಲ. "ಆಂ? ಬಂತಾ?" ಅಂತ ಮತ್ತೆ ಕೂಗಿದರು. ಅಲ್ಲೊಂದು ಶಾಲೆ ಮಕ್ಕಳ ಗುಂಪೂ ಇತ್ತಂತೆ. ಅದುವರೆಗೆ ಹೋ ಅಂತ ಕೂಗುತ್ತಿದ್ದ ಮಕ್ಕಳಿಗೆ ಒಳ್ಳೆ ಮಾತು ಸಿಕ್ಕಿತು. ಅರವತ್ತು ಮಕ್ಕಳು ಸೇರಿ "ಕಾಗೆ ಬಂತಾ!" ಅದು ಏಳು ಸಲ. ಮೇಷ್ಟ್ರು ಸುಮ್ನಿರಿ ಸುಮ್ನಿರಿ ಅಂದಿದ್ದೂ ಏಳು ಸಲ. ನನ್ನ ಹೆಂಡತಿ ನಕ್ಕು ನಕ್ಕು ಗೋಡೆಗೆ ಒರಗಿ ಕೂತಳಂತೆ. ಊರು ತಲುಪುವವರೆಗೂ ನೆನೆಸಿಕೊಂಡು ನಗುತ್ತಲೇ ಇದ್ದಳು. ನನಗೆ ನಗು ಬರಲಿಲ್ಲ. ಈಗಲೂ ಬರುತ್ತಿಲ್ಲ.

ನಿಜವಾಗಿ ಕಾಗೆ ಬಂದಿದ್ದು ಫೋನ್ ಇಟ್ಟ ಮೇಲೆ. ಎರಡು ಹಪ್ಪಳ ಹೋಯಿತು. ಕೊಡೆ ಬೀಸಿದಾಗ ಹಿಡಿ ಕಣ್ಣಿಗೆ ಬಿತ್ತು. ಬೆತ್ತದ ಹಿಡಿ, ಹೆಬ್ಬೆರಳು ಕೂರುವ ಜಾಗ ಸವೆದು ನುಣ್ಣಗಾಗಿದೆ. ದೊಡ್ಡಪ್ಪನ ಕೊಡೆ. ಬೇಸಿಗೆ ರಜೆಯಲ್ಲಿ ನಾವು ಮಕ್ಕಳೆಲ್ಲ ಅಂಗಳದಲ್ಲಿ ಹಪ್ಪಳ ಕಾಯುತ್ತಿದ್ದಾಗ ಅವರು ಇದನ್ನೇ ಹಿಡಿದು ಜಗಲಿಯಲ್ಲಿ ಕೂರುತ್ತಿದ್ದರು. ಅರ್ಧ ಒಣಗಿದ ಹಪ್ಪಳ ನಾವು ಕದ್ದು ತಿನ್ನುವುದನ್ನು ನೋಡಿಯೂ "ಕಾಗೆ ಕಣೇ, ಏನು ಮಾಡೋದು" ಅಂತ ಒಳಗೆ ಕೂಗಿ ಹೇಳುತ್ತಿದ್ದರು. ಟೆರೇಸಿನಲ್ಲಿ ಒಂದು ಹಪ್ಪಳ ಮುರಿದು ಬಾಯಿಗೆ ಹಾಕಿಕೊಂಡೆ. ಲೆಕ್ಕಕ್ಕೆ ಮೂರನೇದೂ ಕಾಗೆಯದೇ.

ಅಜ್ಜಿಗೆ ಹತ್ತು ಹಪ್ಪಳ ಕೊಟ್ಟೆ. ಅವರು ಪೇಪರಿನಲ್ಲಿ ಕಟ್ಟಿ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಕೊಟ್ಟರು. "ನಿಮ್ಮ ಕಡೆ ಮಳಿ ಭಾಳ ಅಂತಲ್ರಿ, ಒಂದೀಟು ಇತ್ತಾಗ ಕಳಸ್ರಿ" ಅಂದರು. ಡಬ್ಬದಲ್ಲಿ ತರಬಹುದಾಗಿದ್ದರೆ ದೊಡ್ಡಮ್ಮ ಅದನ್ನೂ ತರುತ್ತಿದ್ದರು.

ಹನ್ನೊಂದೂವರೆಗೆ ಎಲ್ಲರೂ ವಾಪಸ್ ಬಂದರು. ದೊಡ್ಡಮ್ಮ ನೆಟ್ಟಗೆ ಟೆರೇಸಿಗೆ ಬಂದು ಒಂದು ಹಪ್ಪಳ ಎತ್ತಿ ಮುರಿದರು. ಟಕ್ ಅಂತು. "ನೀನೂ ಬರಬೇಕಿತ್ತು ಮಾರಾಯ, ಎಷ್ಟು ಚಂದ ಕೇಳ್ಸುತ್ತೆ" ಅಂದರು.

ಊರು ಸೇರಿದಾಗ ಮಳೆ ಸುರಿಯುತ್ತಿತ್ತು. ನಿನ್ನೆ ಸಂಜೆ ದೊಡ್ಡಮ್ಮ ಮನೆಗೆ ಬಂದಿದ್ದರು. ರಾಯಚೂರಿನಲ್ಲಿ ಬೆಟ್ಟದ ಮೇಲೆ ಕೋಟೆ ಇದೆಯಂತೆ, ನೋಡಬೇಕಂತೆ. ಬಿಸಿಲು ಅಲ್ಲಿ ಇನ್ನೂ ಜಾಸ್ತಿ ಅಂತ ಯಾರೋ ಹೇಳಿದ್ದಾರೆ. ಟಿಟಿ ಮೇಲೆ ಎರಡು ಹತ್ತಿ ಹಾಸಿಗೆ ಕಟ್ಟಬಹುದಾ ಅಂತ ವಿಚಾರಿಸಲು ಹೇಳಿ ಹೋಗಿದ್ದಾರೆ. ನಾನು ಪೇಪರ್ ಓದುತ್ತಿದ್ದೆ. ಹೂಂ ಅಂದೆ ಅನ್ನಿಸುತ್ತೆ.