ಯಾರಿಗೂ ಏನೂ ಆಗಿಲ್ಲವಂತೆ!

"ಇದು ಹೊಸದು, ಇದರಿಂದ ಯಾರಿಗೂ ಏನೂ ಆಗಿಲ್ಲ." ಹೊಸ ಹೊಸ ಹೆಸರಿನ ನಶೆ ಪುಡಿ, ಮಾತ್ರೆಗಳ ಬಗ್ಗೆ ಈ ಮಾತು ಕಿವಿಗೆ ಬಿದ್ದಾಗೆಲ್ಲ ನನಗೆ ಎದೆ ಧಸಕ್ಕೆನ್ನುತ್ತದೆ. ಏನೂ ಆಗಿಲ್ಲ ಅನ್ನುವುದು ಬೇರೆ, ಏನಾಗುತ್ತದೆ ಅಂತ ಇನ್ನೂ ಯಾರೂ ನೋಡಿಲ್ಲ ಅನ್ನುವುದು ಬೇರೆ ಅಲ್ವಾ?

1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವರು ಇದ್ದಕ್ಕಿದ್ದಂತೆ ಮರಗಟ್ಟಿ ಹೋದರು. ಮಾತಿಲ್ಲ, ಕೈಕಾಲು ಅಲ್ಲಾಡುತ್ತಿಲ್ಲ. ಒಬ್ಬನ ಬೆರಳು ಸ್ವಲ್ಪ ಆಡುತ್ತಿದ್ದುದನ್ನು ಕಂಡು ವೈದ್ಯರು ಪೆನ್ಸಿಲ್ ಕೊಟ್ಟರು. ಅವನು ನಿಧಾನವಾಗಿ ಬರೆಯತೊಡಗಿದ. ಒಳಗೆ ಪ್ರಜ್ಞೆ ಪೂರ್ತಿ ಇತ್ತು! ಹೆರಾಯಿನ್ ಥರದ್ದು ಅಂತ ಮಾರಿದ ಹೊಸ ಪುಡಿಯನ್ನು ಇವರೆಲ್ಲ ಚುಚ್ಚಿಕೊಂಡಿದ್ದರು. ತಯಾರಿಸುವಾಗ ಎಡವಟ್ಟಾಗಿ ಅದರಲ್ಲಿ ಎಂಪಿಟಿಪಿ ಅನ್ನುವ ವಸ್ತು ಹುಟ್ಟಿಕೊಂಡಿತ್ತು. ಅದು ಮಿದುಳಿನಲ್ಲಿ ಡೋಪಮೈನ್ (ಮೈಕೈ ಆಡಿಸಲು ಬೇಕಾದ ರಾಸಾಯನಿಕ) ತಯಾರಿಸುವ ಜೀವಕೋಶಗಳನ್ನೇ ಕೊಂದುಹಾಕಿತ್ತು. ಇದೇ ಕೋಶಗಳು ಸತ್ತು ಮೈ ಬಿಗಿಯಾಗುವ ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಎಲ್-ಡೋಪಾ ಮದ್ದು ಕೊಟ್ಟಾಗ ಮೈ ಸಡಿಲವಾಯಿತು. ಸತ್ತ ಕೋಶಗಳು ಮಾತ್ರ ಮರಳಿ ಬರಲಿಲ್ಲ. ನರವೈದ್ಯ ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಜೊತೆಗಾರರು ಇದರ ಬೆನ್ನುಹತ್ತದೇ ಇದ್ದಿದ್ದರೆ ಕಾರಣವೂ ತಿಳಿಯುತ್ತಿರಲಿಲ್ಲವೇನೋ.

"ಹೋದ ವಾರ ತಗೊಂಡೆ, ಚೆನ್ನಾಗೇ ಇದ್ದೆ" ಅನ್ನುವವರಿಗೂ ಒಂದು ಮಾತು. ಸ್ಪೈಸ್ ಅಂತ ಮಾರುವ ಸೊಪ್ಪನ್ನೇ ತೆಗೆದುಕೊಳ್ಳಿ. ಒಣಸೊಪ್ಪಿನ ಮೇಲೆ ಗಾಂಜಾದ ನಶೆಯನ್ನು ಅನುಕರಿಸುವ ರಾಸಾಯನಿಕವನ್ನು ಸಿಂಪಡಿಸಿರುತ್ತಾರೆ. ಅದು ಎಲ್ಲ ಕಡೆ ಸಮನಾಗಿ ಬೀಳುವುದಿಲ್ಲ. ಪೊಟ್ಟಣದ ಒಂದು ಚಿಟಿಕೆಯಲ್ಲಿ ಏನೂ ಇರುವುದಿಲ್ಲ, ಅದೇ ಪೊಟ್ಟಣದ ಇನ್ನೊಂದು ಚಿಟಿಕೆ ನೆಲಕ್ಕೆ ಕೆಡವುತ್ತದೆ. ಇದು ಗಾಂಜಾ ಥರಾನೇ ಅನ್ನುವುದೂ ಸುಳ್ಳು. ಇವುಗಳಲ್ಲಿ ಹಲವು ಅದಕ್ಕಿಂತ ಎಷ್ಟೋ ಜಾಸ್ತಿ ಜೋರು. ಜೊತೆಗೆ, ಒಂದನ್ನು ನಿಷೇಧಿಸಿದರೆ ಸ್ವಲ್ಪ ಬದಲಿಸಿದ ಇನ್ನೊಂದು ಬರುತ್ತದೆ. ಪೊಟ್ಟಣದ ಹೆಸರು ಅದೇ, ಒಳಗಿನ ಮಾಲು ಬೇರೆ.

ಹಳೆಯ ಔಷಧದ ಕಥೆಯೂ ಹೀಗೇ ಇದೆ. ಕೆಟಮಿನ್‌ಗೆ ಅರಿವಳಿಕೆ ಮದ್ದಾಗಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1970ರಲ್ಲಿ. ನಶೆಗಾಗಿ ಅದನ್ನು ಪದೇಪದೇ ತೆಗೆದುಕೊಂಡವರ ಮೂತ್ರಚೀಲ ಹಾಳಾಗುತ್ತಿದೆ ಅಂತ ವೈದ್ಯರು ವರದಿ ಮಾಡಿದ್ದು 2007ರಲ್ಲಿ. ಆಸ್ಪತ್ರೆಗಳಲ್ಲಿ ದಿನವೂ ಬಳಸುವ ಮದ್ದಿನ ಗುಟ್ಟೇ ಹೊರಬರಲು 37 ವರ್ಷ ಬೇಕಾಯಿತು. ಇನ್ನು ಹೋದ ವರ್ಷ ಯಾವುದೋ ಲ್ಯಾಬಿನಲ್ಲಿ ಹುಟ್ಟಿದ ಪುಡಿಯ ಬಗ್ಗೆ ಯಾರು ಏನು ಹೇಳಬಲ್ಲರು?

ತಗೊಂಡವರು ಕುಸಿದು ಬಿದ್ದರೆ ಜೊತೆಗಿರುವವರು ಹೆದರಿಕೊಂಡು ಸುಳ್ಳು ಹೇಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಷ್ಟೋ ಹೊಸ ವಸ್ತುಗಳು ಆಸ್ಪತ್ರೆಯ ಮಾಮೂಲಿ ಪರೀಕ್ಷೆಯಲ್ಲಿ ಸಿಗುವುದೇ ಇಲ್ಲ. ತಡ ಮಾಡದೆ ಆಂಬುಲೆನ್ಸ್ ಕರೆಯಿರಿ, ಏನು ತಗೊಂಡರು, ಯಾವಾಗ ತಗೊಂಡರು ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಪೊಟ್ಟಣದಲ್ಲಿ ಚೂರು ಉಳಿದಿದ್ದರೂ ಅದನ್ನು ಎಸೆಯದೆ ವೈದ್ಯರ ಕೈಗೆ ಕೊಡಿ.